ಗರಿಗಿಡದ ಪರೀಕ್ಷಕರು
ಕೆರೆಗೆ ಕಳೆನಾಶಕ ಸುರಿಯಲು ನಮ್ಮ ಕಚೇರಿಯ ಸಸ್ಯ ಪರೀಕ್ಷಕರು ಒಪ್ಪಬೇಕು. ಇವರು ಒಪ್ಪುವಷ್ಟರಲ್ಲಿ ಕೆರೆಯೇ ಬತ್ತೀತು ಎಂದು ಅದನ್ನು ಸುರಿಯುವ ದೋಣಿಯವನು ಹಲ್ಲು ಕಡಿಯುತ್ತಾನೆ. ಹಕ್ಕಿಯ ಗರಿಯಂಥ ಎಲೆಯ ನೀರುಗಿಡದಲ್ಲಿ ಎರಡು ಜಾತಿ: ಒಂದು ಇಲ್ಲಿಯದೇ, ಇನ್ನೊಂದು ಹೊರಗಿನಿಂದ ಬಂದು ಕೆರೆಯನ್ನೇ ನುಂಗುವಂಥದು. ಕವರಿನಲ್ಲಿ ಗಿಡ ತಂದುಕೊಟ್ಟರೆ ಇವರು ಕಣ್ಣೆತ್ತಿಯೂ ನೋಡರು. ಎದೆಮಟ್ಟದ ನೀರಿಗೂ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ತಾವೇ ಇಳಿಯುತ್ತಾರೆ. ಒಂದು ಎಳೆಯನ್ನು ಮೇಲೆತ್ತಿ, ಜ್ವರದ ಮಗುವಿನ ಥರ್ಮಾಮೀಟರು ನೋಡುವಂತೆ ಉಸಿರು ಬಿಗಿಹಿಡಿದು ನೋಡುತ್ತಾರೆ. ನೀರಿನಿಂದ ಎತ್ತಿದ ಮೇಲೂ ಗರಿ ಸೆಟೆದು ನಿಂತರೆ ಇಲ್ಲಿಯದು, ಜೋತುಬಿದ್ದರೆ ಹೊರಗಿನದು. "ಸುರಿಯೋದಾ ಬೇಡ್ವಾ, ಹೇಳಿಬಿಡಿ ಸಾರ್!" ಎನ್ನುತ್ತಾನೆ ದೋಣಿಯವನು, ಕಳೆನಾಶಕದ ಡ್ರಮ್ಮಿನ ಮುಚ್ಚಳದ ಮೇಲೆ ಕೈಯಿಟ್ಟು. "ತಡಿಯಪ್ಪಾ, ಸುರಿದದ್ದನ್ನ ಮತ್ತೆ ತುಂಬಿಕೊಳ್ಳೋಕಾಗುತ್ತಾ?" ಎನ್ನುತ್ತಲೇ ಇನ್ನೊಂದು ಎಳೆ ಎತ್ತುತ್ತಾರೆ, ಮುಚ್ಚಳದ ಮೇಲಿನ ಆ ಕೈಯಿಂದ ಕಣ್ಣು ಕೀಳದೆ. ಒಮ್ಮೆ ಅವರ ಹೆಂಡತಿ ಬಚ್ಚಲಿನ ಟಬ್ಬು ತೋರಿಸಿ, "ಬಟ್ಟೆ ನೆನೆಸೋಕೂ ಬಿಡಲ್ಲ ನೋಡಿ," ಎಂದರು. ಅದರ ತುಂಬ ಗರಿಗಿಡ. ಹಿಂದೊಮ್ಮೆ ಒಂದು ಕೆರೆಯಿಂದ ಕವರಿನಲ್ಲಿ ಬಂದ ಗಿಡ ಬಿಸಿಲಿಗೆ ಬಾಡಿ ಜೋತುಬಿದ್ದಿತ್ತಂತೆ. ಹೊರಗಿನದು, ಸುರಿಯಿರಿ ಎಂದಿದ್ದರಂತೆ ಇವರು. ಮಿಕ್ಕ ಎಳೆಗಳನ್ನು ಸುಮ್ಮನೆ ಟಬ್ಬಿಗೆ ಹಾಕಿ ಮರುದಿನ ಎತ್ತಿದರೆ, ಗರಿ ಸೆಟೆದು ನಿಂತಿತ್ತು. ಅಷ್ಟರಲ್ಲಿ ಡ್ರಮ್ಮು ಖಾಲಿಯಾಗಿತ್ತು. ಆ ಕೆರೆಯ ಗಿಡ ಈಗ ಉಳಿದಿರುವುದು ಆ ಟಬ್ಬಿನಲ್ಲಿ ಮಾತ್ರ.