ಅರ್ಧಕ್ಕೇ ಬಾಯಿ ಹಾಕುವ ಭಾಗ್ಯ ಮೇಡಂ
ಚಾಮರಾಜಪೇಟೆಯ ಆ ಶಾಲೆಯಲ್ಲಿ ವಿಶೇಷ ಶಿಕ್ಷಣ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಕಾಲು ಮುರಿದ ಕೇರಂ ಬೋರ್ಡು, ಆರು ಮಕ್ಕಳು ಮತ್ತು ಮುಖ್ಯಸ್ಥೆ ಭಾಗ್ಯ ಮೇಡಂ. ಯಾರ ಮಾತನ್ನಾದರೂ ಪೂರ್ತಿ ಮುಗಿಸಲು ಬಿಟ್ಟ ದಾಖಲೆ ಅವರ ಹದಿನೆಂಟು ವರ್ಷದ ಸರ್ವೀಸಿನಲ್ಲಿಲ್ಲ. ಹೆಡ್‌ಮಾಸ್ಟರು "ಭಾಗ್ಯ ಅವ್ರೇ, ಈ ವರ್ಷ ನಿಮ್ಮ ರೂಮನ್ನ..." ಎನ್ನುವಷ್ಟರಲ್ಲಿ, "ಸ್ಟೋರ್ ರೂಮ್ ಮಾಡ್ಬೇಕು ಅಂತೀರ, ಆಗಲ್ಲ ಸಾರ್, ನಡೀರಿ" ಎಂದು ತಾವೇ ಮುಗಿಸಿಬಿಡುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಯ ಪ್ರಶ್ನೆಯನ್ನೂ ತಾವೇ ಕೇಳಿ, ತಾವೇ ಉತ್ತರಿಸಿ, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಕಾಫಿಯ ವಿಷಯದಲ್ಲೂ ಅಷ್ಟೇ ಅವಸರ. ಹಬೆಯಾಡದಿದ್ದರೆ, ಆಯಾ ಅಂಜಿನಮ್ಮ ಲೋಟ ಕೆಳಗಿಡುವ ಮೊದಲೇ "ಇದು ಕಾಫೀನಾ? ಬಿಸಿ ಮಾಡ್ಕೊಂಡ್ಬನ್ನಿ!" ಇಂಥ ಮೇಡಂ ಮೊನ್ನೆ, ಮಾತು ಉಗ್ಗುವ ಯಶಶ್ರೀ "ನಿ... ನಿ..." ಎಂದು ಶುರುಮಾಡಿದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಂತರು. ಬೆಲ್ ಹೊಡೆಯಿತು. ಬಾಗಿಲಿಗೆ ಬಂದ ಹೆಡ್‌ಮಾಸ್ಟರನ್ನು ಕೈಯೆತ್ತಿ ತಡೆದರು. ಮಾತು ಎತ್ತಿಕೊಡಲು ಹೋದ ಅಂಜಿನಮ್ಮನನ್ನು ಕಣ್ಣಲ್ಲೇ ಗದರಿಸಿದರು. ಕೊನೆಗೂ ಹುಡುಗಿ ಮುಗಿಸಿದಳು: "ನಿಮ್ಮ ಕಾಫಿ ಆರೋಗುತ್ತೆ, ಮಿಸ್." ಅಷ್ಟರಲ್ಲಿ ಕೆನೆಗಟ್ಟಿ ತಣ್ಣಗಾಗಿದ್ದ ಆ ಕಾಫಿಯನ್ನು ಮೇಡಂ ಅವಳೆದುರಿಗೇ ಊದಿ ಊದಿ ಕುಡಿದರು.