ಬ್ಯಾಡಗಿಯ ಬೀದಿಯಲ್ಲಿ ಬರ್ಫ

ಮಾನ್ಯ ಓದುಗರಲ್ಲಿ,

ಪ್ರಥಮತಃ ನನ್ನ ಕಾಗುಣಿತಕ್ಕೂ ಅಕ್ಷರಗಳ ವಕ್ರತೆಗೂ ಕ್ಷಮೆ ಕೋರುತ್ತೇನೆ. ಚಳಿಗೆ ಬೆರಳು ಮರಗಟ್ಟಿದಾಗ ಅಕ್ಷರಗಳೂ ಕಂಬಳಿ ಹುಡುಕುತ್ತವೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಬ್ಯಾಡಗಿಯಲ್ಲಿ ಹಿಮ ಬೀಳುವುದಿಲ್ಲ. ಆದಾಗ್ಯೂ ಒಂದು ಮಾಗಿಯ ಬೆಳಗ್ಗೆ ನಮ್ಮ ಪೇಟೆಯ ಬೀದಿ ಮಂಜುಗಡ್ಡೆಯಿಂದ ಜಾರುಬಂಡೆಯಾಗಿತ್ತು.

ಹಿಂದಿನ ದಿನ ನನ್ನ ದೊಡ್ಡವ್ವ ತೀರಿಕೊಂಡಿದ್ದಳು. ಒಬ್ಬಳೇ ಮಗಳು ಶಾಂತಕ್ಕ ಸೊಲ್ಲಾಪುರದಿಂದ ಹೊರಟಿದ್ದಳು. ರೈಲು ಮುಟ್ಟುವುದು ಸಂಜೆಗೆ. ಮಗಳು ಬಂದು ಬಾಯಿಗೆ ನೀರು ಬಿಡದೆ ತಾಯಿಯನ್ನು ಎತ್ತಬಾರದೆಂಬುದು ನಮ್ಮ ಮನೆತನದ ರೂಢಿ. ಅಲ್ಲಿಯವರೆಗೆ ದೇಹವನ್ನು ಕಾಯಲು ರಾಣೆಬೆನ್ನೂರಿನಿಂದ ಬರ್ಫದ ಗಡ್ಡೆಗಳನ್ನು ತರುವ ಜವಾಬ್ದಾರಿ, ಅದುವರೆಗೆ ಯಾವ ಜವಾಬ್ದಾರಿಗೂ ಅರ್ಹನೆನಿಸದ ನನಗೆ ವಹಿಸಲ್ಪಟ್ಟಿತ್ತು.

ನಮ್ಮ ಓಣಿಯ ತಿರುವಿನಲ್ಲಿ ಟೆಂಪೋದ ಹಗ್ಗ ಹರಿದು ಗಡ್ಡೆಗಳು ಬಿದ್ದು ಚೂರಾದವು. ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿಗಳು ನಿಂತವು, ಎತ್ತೊಂದು ಮೊಣಕಾಲೂರಿತು, ಹಮಾಲರು ಜಾರಿಬಿದ್ದರು. ನಾನು ಚೂರುಗಳನ್ನು ಗೋಣಿತಟ್ಟಿಗೆ ಆಯತೊಡಗಿದ್ದೆ. ಅಷ್ಟರಲ್ಲಿ ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿಯ ಹುಸೇನಸಾಬ ಚಾಚಾ ಕೂಗಿದರು:

“ಏ, ಅಂಗಡಿ ಕಸಾ ತಂದು ಸುರುವ್ರಲೇ, ಕಾಲು ನಿಂದ್ರತಾವು!”

ನಮ್ಮ ಪೇಟೆಯಲ್ಲಿ ಅಂಗಡಿ ಕಸವೆಂದರೆ ಮೆಣಸಿನಕಾಯಿಯ ಪುಡಿ, ಬೀಜ, ತೊಟ್ಟು. ಬುಟ್ಟಿಗಟ್ಟಲೆ ಬಿತ್ತು. ಕಾಲುಗಳೇನೋ ನಿಂತವು, ಬೀದಿಯೇ ಕೆಮ್ಮತೊಡಗಿತು.

“ಚಾಚಾ, ಅದು ನಮ್ಮ ದೊಡ್ಡವ್ವನ ಸಲುವಾಗಿ ತಂದ ಬರ್ಫರಿ!” ಎಂದೆ.

ಚಾಚಾ ಹಣೆ ಬಡಿದುಕೊಂಡರು. “ಮೊದ್ಲ ಯಾಕ ಹೇಳಲಿಲ್ಲೋ ತಮ್ಮಾ? ನಾ ಸೋಡಾ ಅಂಗಡೀದು ಅಂದ್ಕೊಂಡ್ನೆಲ್ಲೋ!”

“ಈ ಥಂಡ್ಯಾಗ ಸೋಡಾ ಯಾರ್ ಕುಡಿತಾರ್ರಿ ಸಾಹುಕಾರ?” ಎಂದ ಬಿದ್ದಿದ್ದ ಹಮಾಲನೊಬ್ಬ.

ಘಾಟು ಹಿಡಿದ ಆ ಕೆಂಪು ಬರ್ಫವನ್ನು ದೊಡ್ಡವ್ವನ ಮುಖದ ಬಳಿ ಇಡಲಾಗಲಿಲ್ಲ. ಬಿಸಿಲೇರಿದ ಮೇಲೆ ಹಿರಿಯರು “ಇನ್ನ ತಡೀಬಾರದು” ಎಂದರು. ಅದೇ ಬೀದಿಯಲ್ಲಿ ದೊಡ್ಡವ್ವನನ್ನು ಒಯ್ದಾಗ ಚಕ್ಕಡಿಯವರು, ದಲಾಲರು, ಅವಳ ಮುಖವನ್ನೇ ಕಾಣದವರು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣೀರಿನಲ್ಲಿ ದುಃಖದ ಪಾಲೆಷ್ಟು, ಘಾಟಿನ ಪಾಲೆಷ್ಟು ಎಂದು ದೃಢೀಕರಿಸಲು ನಾನು ಅಸಮರ್ಥನಾಗಿದ್ದೇನೆ.

ಸಂಜೆ ಸ್ಟೇಷನ್ನಿನಲ್ಲಿ ನನ್ನ ಮುಖ ನೋಡಿಯೇ ಶಾಂತಕ್ಕನಿಗೆ ತಿಳಿಯಿತು. ತಂಬಿಗೆಯೊಂದನ್ನು ಎದೆಗವಚಿಕೊಂಡು ತಿರುವಿನವರೆಗೂ ನಡೆದಳು. ಅಲ್ಲಿ ಕೆಮ್ಮು ಬಂದು ನಿಂತಳು.

“ನಮ್ಮವ್ವಗ ಯಾರರ ಅತ್ತರೇನೋ?”

“ಪ್ಯಾಟಿಗೆ ಪ್ಯಾಟೀನ ಅತ್ತೈತಿ, ಅಕ್ಕಾ.”

ಸೊಲ್ಲಾಪುರದಿಂದ ತುಳುಕದಂತೆ ತಂದಿದ್ದ ತಂಬಿಗೆಯ ನೀರನ್ನು ಇನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಅವಳು ಕೆಂಪಗೆ ಒದ್ದೆಯಾದ ಆ ನೆಲವನ್ನೇ ನೋಡುತ್ತಿದ್ದಳು.

ಇಂದಿಗೂ ಮಾಗಿ ಬಂದರೆ ಆ ತಿರುವಿನ ಒಣನೆಲದ ಮೇಲೂ ನನ್ನ ಕಾಲು ಜಾರುತ್ತದೆ. ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಬೇಕಾಗಿ ವಿನಂತಿ. ತಿದ್ದಲು ಬರುವಂಥವು ಅವಷ್ಟೇ.