ಅಪ್ಪ ಮುಚ್ಚುತ್ತಿದ್ದ ಒಂದು ಕಣ್ಣು

ಮೊಮ್ಮಗಳು ಭವ್ಯ ರೈಲು ಓಡಿಸಿ ಮನೆಗೆ ಬಂದರೆ ಅವಳ ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ. ಹೋದ ವಾರ ಬಂದವಳ ಅಂಗಿಯನ್ನು ನೆನೆಹಾಕುವ ಮೊದಲು ಮೂಗಿಗೆ ಹಿಡಿದು ನೋಡಿದೆ. ಸೋಪು ಬಿಟ್ಟರೆ ಇನ್ನೇನಿಲ್ಲ. ನನ್ನಪ್ಪನ ಖಾಕಿಯನ್ನು ಹಾಗೆ ಮೂಗಿನ ಹತ್ತಿರ ತರುವುದಕ್ಕೆ ಆಗುತ್ತಿತ್ತೇ? ಕಲ್ಲಿದ್ದಲಿನ ಹೊಗೆ, ಸೀಮೆಎಣ್ಣೆ, ಕಾದ ಕಬ್ಬಿಣ, ಬೆವರು. ಅಮ್ಮ ಅದನ್ನು ಹಿತ್ತಲಲ್ಲಿ ಬೇರೆ ಹಂಡೆಯಲ್ಲಿ ಸೋಡಾಪುಡಿ ಹಾಕಿ ಕುದಿಸುತ್ತಿದ್ದಳು. ನೀರು ಮೂರು ಸಲ ಕಪ್ಪಾಗಿ ಹೋದ ಮೇಲೂ ವಾಸನೆ ಹೋಗುತ್ತಿರಲಿಲ್ಲ. ಸಾಗರದ ಸ್ಟೇಷನ್ನಿನ ಹಿಂದಿದ್ದ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ ಒರಗಿ ಕೂರುತ್ತಿದ್ದ ಗೋಡೆಯ ಮೇಲೆ ಅವನ ತಲೆಯಷ್ಟೇ ದೊಡ್ಡ ಕಪ್ಪು ಕಲೆ ಇತ್ತು. ಪ್ರತಿ ದೀಪಾವಳಿಗೂ ಸುಣ್ಣ ಬಳಿಯುತ್ತಿದ್ದೆವು, ತಿಂಗಳಾಗುವುದರೊಳಗೆ ಕಲೆ ವಾಪಸ್ಸು ಬರುತ್ತಿತ್ತು. ಈಗ ಆ ಗೋಡೆಯೂ ಇಲ್ಲ, ಮೀಟರ್ ಗೇಜಿನ ಆ ಸಣ್ಣ ಹಳಿಯೂ ಇಲ್ಲ. ಹೋಗಲಿ, ಅದಕ್ಕೆಲ್ಲ ಅಳುವವಳಲ್ಲ ನಾನು. ನನಗೆ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ.

ಅಪ್ಪ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಉಗಿಬಂಡಿಯ ಡ್ರೈವರ್. ಅವನ ಜೊತೆ ಕಲ್ಲಿದ್ದಲು ಹಾಕುತ್ತಿದ್ದವನು ಫೈರ್‌ಮನ್ ಇಮಾಮ್ ಮಾಮ. ಕತ್ತಲಾದ ಮೇಲೆ ಎಂಜಿನ್ನಿನಲ್ಲಿ ದೊಡ್ಡ ಕಷ್ಟ ಯಾವುದೆಂದರೆ ಅದರದೇ ಬೆಂಕಿ. ಕಲ್ಲಿದ್ದಲು ಎಸೆಯಲು ಬೆಂಕಿಯ ಬಾಗಿಲು ತೆಗೆದರೆ ಕಣ್ಣಿಗೆ ಹೊಡೆಯುವ ಬೆಳಕು. ಬಾಗಿಲು ಮುಚ್ಚಿದ ಮೇಲೆ ಹೊರಗೆ ನೋಡಿದರೆ ಸಿಗ್ನಲ್ಲೂ ಇಲ್ಲ, ಹಳಿಯೂ ಇಲ್ಲ, ಬರೀ ಕಪ್ಪು. ಅದಕ್ಕೆ ಇಮಾಮ್ ಮಾಮ ಬಾಗಿಲಿಗೆ ಕೈ ಹಾಕುವ ಮೊದಲು "ಬಾಗಿಲು!" ಎಂದು ಕೂಗುತ್ತಿದ್ದ. ಅಪ್ಪ ತಾನೂ "ಬಾಗಿಲು!" ಎಂದು ಬಲಗಣ್ಣು ಬಿಗಿಯಾಗಿ ಮುಚ್ಚುತ್ತಿದ್ದ. ಬಾಗಿಲು ಹಾಕಿದ ಕೂಡಲೇ ಮುಚ್ಚಿಟ್ಟ ಕಣ್ಣು ತೆರೆದರೆ ಅದಕ್ಕೆ ಕತ್ತಲೆಯ ಅಭ್ಯಾಸ ಹೋಗಿರುತ್ತಿರಲಿಲ್ಲ, ದಾರಿ ಕಾಣುತ್ತಿತ್ತು. ಇಷ್ಟೇ ವಿದ್ಯೆ. ಯಾವ ಪುಸ್ತಕದಲ್ಲೂ ಬರೆದದ್ದಲ್ಲ.

ಆ ಅಭ್ಯಾಸ ಮನೆಗೂ ಬಂತು. ಸಂಜೆ ಅಮ್ಮ ಲಾಟೀನು ಹಚ್ಚಲು ಕಡ್ಡಿ ಗೀರುವಾಗ "ಬಾಗಿಲು" ಎನ್ನುತ್ತಿದ್ದಳು, ನಾವು ಮೂವರು ಮಕ್ಕಳು "ಬಾಗಿಲು" ಎಂದು ಬಲಗಣ್ಣು ಮುಚ್ಚುತ್ತಿದ್ದೆವು. ಪಕ್ಕದ ಮನೆಯ ಗಿರಿಜಕ್ಕ ಒಂದು ದಿನ ಸಕ್ಕರೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಎಂತ ಮಾರಾಯ್ತಿ, ನಿನ್ನ ಮನೆಯೋರೆಲ್ಲ ನಂಗೆ ಕಣ್ಣು ಹೊಡೀತಾರಲ್ಲೇ!" ನಗುವ ಮಾತೇನೋ ಹೌದು. ಆದರೆ ಹೊಸನಗರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ಸಂಜೆ, ಹೋದ ಕರೆಂಟು ಫಕ್ಕನೆ ಬಂದು ನನ್ನ ಬಲಗಣ್ಣು ಮುಚ್ಚಿಕೊಂಡಾಗ ಯಾರೂ ನಗಲಿಲ್ಲ. ಎದುರಿಗೆ ಕೂತಿದ್ದ ಗಂಡಿನ ಅಪ್ಪ ಕಾಫಿ ಲೋಟ ಕೆಳಗಿಟ್ಟರು. ನಮ್ಮಪ್ಪ ಎಂಜಿನ್ನಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದ ಮೇಲೇ ಆ ಲೋಟ ಮತ್ತೆ ಮೇಲೆದ್ದದ್ದು.

ಆ ಒಂದು ಕಣ್ಣಿನಿಂದ ಅಪ್ಪ ಎಂಜಿನ್ ಕಳೆದುಕೊಳ್ಳುವುದರಲ್ಲಿದ್ದ. ಅದು ನನ್ನನ್ನು ನೋಡಲು ಬಂದದ್ದಕ್ಕೂ ಎಷ್ಟೋ ವರ್ಷ ಮುಂಚೆ, ನಾನು ಆಗ ಮೂರನೇ ಕ್ಲಾಸು. ಒಬ್ಬ ಹೊಸ ಇನ್‌ಸ್ಪೆಕ್ಟರು ಸಂಜೆ ಗಾಡಿಯ ಎಂಜಿನ್ ಹತ್ತಿದರಂತೆ. ಅರಸಾಳು ದಾಟಿ ಕಾಡು ಕಪ್ಪಾಗುವ ಹೊತ್ತಿಗೆ ಅಪ್ಪನ ಮುಖ ನೋಡಿ ಕಿರುಚಿದರಂತೆ. ಮಾರನೆಯ ದಿನ ನಮ್ಮ ಜಗಲಿಯಲ್ಲಿ ಕೂತು ಇಮಾಮ್ ಮಾಮ ಅದನ್ನು ಅಭಿನಯಿಸಿಯೇ ತೋರಿಸಿದ: "'ತೂಕಡಿಸೋ ಕೋಳಿ ಹಾಗೆ ಕಾಣ್ತೀರಲ್ರೀ! ಕಣ್ಣಿಗೆ ಎಂತ ಬಡಿದಿದೆ? ನಾಳೆಯಿಂದ ಎಂಜಿನ್ ಹತ್ಬೇಡಿ' ಅಂತ ಕಾಗದ ಬರೆಯಕ್ಕೆ ಕೂತ್ರು ನೋಡಕ್ಕ." ಗಾಡಿ ಆನಂದಪುರದಲ್ಲಿ ನಿಂತಾಗ ಅಪ್ಪ ತನ್ನ ಸೀಟಿನಿಂದ ಎದ್ದನಂತೆ. "ಬರೀರಿ ಸಾರ್. ಮುಂಚೆ ಒಂದ್ಸಲ ಇಲ್ಲಿ ಕೂತ್ಕೊಂಡು ಆ ಸಿಗ್ನಲ್ ದೀಪ ನೋಡಿ." ಇನ್‌ಸ್ಪೆಕ್ಟರು ಕೂತರು. ಇಮಾಮ್ ಮಾಮ ಬಾಗಿಲು ತೆಗೆದು ಎರಡು ಸಲಿಕೆ ಎಸೆದು ಮುಚ್ಚಿದ. ಅವರಿಗೆ ದೀಪ ಮತ್ತೆ ಕಾಣಿಸುವಷ್ಟರಲ್ಲಿ ಅಪ್ಪ ಗಟ್ಟಿಯಾಗಿ ಒಂಬತ್ತು ಎಣಿಸಿದ್ದ. ಎರಡನೇ ಸಲ ಬಲಗಣ್ಣು ಮುಚ್ಚಿಸಿದ. ಬಾಗಿಲು ಹಾಕಿದ ಕ್ಷಣವೇ ದೀಪ ಕಂಡಿತು. ಆ ಮನುಷ್ಯ ತಾವೇ ಬರೆದ ಕಾಗದವನ್ನು ಮುದುರಿ ಬೆಂಕಿಗೆ ಎಸೆದರು. "ಅಷ್ಟು ಕಲ್ಲಿದ್ದಲು ಉಳೀತು ಅಂದೆ ನಾನು" ಎಂದು ಇಮಾಮ್ ಮಾಮ ತೊಡೆ ತಟ್ಟಿಕೊಂಡು ನಕ್ಕ. ಅಮ್ಮ ಮಾತ್ರ ನಗಲಿಲ್ಲ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ನಾವು ಕಣ್ಣು ಮುಚ್ಚಿದೆವು.

ಆಮೇಲೆ ಡೀಸೆಲ್ ಎಂಜಿನ್ ಬಂತು. ಇಮಾಮ್ ಮಾಮನ ಸಲಿಕೆಗೆ ಕೆಲಸ ಇಲ್ಲದಾಯಿತು. ಅದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ಅವನ ಅಂಗೈ ಸುಟ್ಟು ಸುಟ್ಟು ಮರದ ಹಲಗೆಯ ಹಾಗಾಗಿತ್ತು, ಆ ಕೆಲಸ ಯಾರ ಮಕ್ಕಳಿಗೂ ಬೇಡ. ಭವ್ಯಳ ಗೂಡ್ಸ್ ಗಾಡಿಯಲ್ಲಿ ಕೆಂಪು ದೀಪ ದಾಟಿದರೆ ಯಂತ್ರವೇ ಬ್ರೇಕ್ ಹಾಕುತ್ತದಂತೆ. ಹಾಕಲಿ, ನಾಲ್ಕು ಜೀವ ಉಳಿದರೆ ಬೇಡ ಎನ್ನಲು ನಾನೇನು ಹುಚ್ಚಿಯೇ? ಆದರೆ ಅವಳ ಮುಖದೆದುರು ಇನ್ನೊಂದು ಯಂತ್ರ ಇಟ್ಟಿದ್ದಾರೆ. ಅದು ಅವಳ ಕಣ್ಣನ್ನೇ ನೋಡುತ್ತಾ ಇರುತ್ತದೆ. ಕಣ್ಣು ಮುಚ್ಚಿದರೆ ಕಿರುಚಿ ಬರೆದುಕೊಳ್ಳುತ್ತದೆ. ಭವ್ಯ ಚಿಕ್ಕವಳಿದ್ದಾಗ ನನ್ನ ಮುದುಕ ಅಪ್ಪನ ತೊಡೆಯ ಮೇಲೆ ಕೂತು "ಬಾಗಿಲು" ಆಟ ಆಡಿ ಬೆಳೆದವಳು. ಎದುರು ಹಳಿಯಲ್ಲಿ ಬರುವ ಗಾಡಿಯ ದೀಪ ಕಣ್ಣಿಗೆ ಹೊಡೆದಾಗೆಲ್ಲ ಬಲಗಣ್ಣು ಮುಚ್ಚಿದ್ದಾಳೆ. ಒಂದೇ ಪ್ರಯಾಣದಲ್ಲಿ ಆರು ಸಲ. ಚಾಲಕಿ ತೂಕಡಿಸಿದ್ದಾರೆ ಎಂದು ಯಂತ್ರ ಬರೆಯಿತು. ಉತ್ತರ ಕೊಡುವವರೆಗೆ ಎಂಜಿನ್ ಹತ್ತುವಂತಿಲ್ಲ ಎಂದು ಇವಳನ್ನು ಮನೆಗೆ ಕಳಿಸಿದರು.

"ಹೋಗಿ ಹೇಳಕ್ಕಾಗಲ್ವೇನೇ, ನಿನ್ನ ಮುತ್ತಜ್ಜ ಹೇಳಲಿಲ್ವಾ?" ಎಂದೆ.

"ಹೇಳ್ದೆ ಅಜ್ಜಿ. ಸಾಹೇಬ್ರು ಒಳ್ಳೆಯೋರೇ. 'ನಾನು ನಂಬ್ತೀನಮ್ಮ, ಆದ್ರೆ ಮಿಷಿನ್ ಬರೆದಿದ್ದನ್ನ ಅಳಿಸೋ ಅಧಿಕಾರ ನಂಗಿಲ್ಲ' ಅಂದ್ರು."

"ಹಂಗಾದ್ರೆ ಆ ಮಿಷಿನ್ನನ್ನೇ ನಿನ್ನ ಸೀಟಲ್ಲಿ ಕೂರಿಸಿ ದೀಪ ನೋಡಕ್ಕೆ ಹೇಳು."

"ಅದೂ ಬರತ್ತೆ ಅಜ್ಜಿ, ಇನ್ನೊಂದಿಷ್ಟು ವರ್ಷ" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಕಾಲದ ಆ ಇನ್‌ಸ್ಪೆಕ್ಟರಿಗೆ ಸೊಕ್ಕಿತ್ತು, ಆದರೂ ಅವರಿಗೆ ಕಣ್ಣಿತ್ತು. ಸೀಟಿನಲ್ಲಿ ಕೂರಿಸಿದರೆ ಕಾಣುತ್ತಿತ್ತು, ತಪ್ಪಾಯಿತೆಂದು ನಾಚಿಕೊಳ್ಳುವುದಕ್ಕೆ ಬರುತ್ತಿತ್ತು. ಇದಕ್ಕೆ ನಾಚಿಕೆ ಎಲ್ಲಿಂದ ತರುತ್ತೀರಿ? ಇದು ಬರೆದದ್ದನ್ನು ಎಸೆಯಲು ಬೆಂಕಿಯಾದರೂ ಎಲ್ಲಿದೆ?

ಭಾನುವಾರ ಅವಳು ಉತ್ತರ ಬರೆದಳು. ಇನ್ನು ಮುಂದೆ ಹೀಗಾಗುವುದಿಲ್ಲ ಎಂದು, ಎರಡೇ ಸಾಲು. ಮುತ್ತಜ್ಜನ ಹೆಸರಿಲ್ಲ, ಎದುರು ಗಾಡಿಯ ದೀಪದ ಮಾತಿಲ್ಲ. "ವಾದ ಮಾಡಿದ್ರೆ ಎಂಜಿನ್ ಹೋಗತ್ತೆ ಅಜ್ಜಿ" ಎಂದಳು. ಅವಳಿಗೆ ಎಂಜಿನ್ ಬೇಕು. ನನ್ನಪ್ಪನಿಗೆ ಬೇಕಿದ್ದಷ್ಟೇ ಬೇಕು.

ಅವತ್ತು ಸಂಜೆ ಕರೆಂಟು ಹೋಗಿತ್ತು. ನಾನು ಒಲೆಯ ಮುಂದೆ ಕೂತಿದ್ದೆ. ಕೋಣೆಯಿಂದ ಬೆಳಕು ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ಎದ್ದು ಹೋಗಿ ನೋಡಿದೆ. ಭವ್ಯ ಮಂಚದ ಮೇಲೆ ಕೂತು ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಂಡಿದ್ದಳು. ಹೊತ್ತಿಸುವಳು, ಆರಿಸುವಳು, ಮತ್ತೆ ಹೊತ್ತಿಸುವಳು. ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ಎರಡನ್ನೂ ಅಗಲವಾಗಿ ಬಿಟ್ಟುಕೊಂಡೇ ಇದ್ದಳು. ಬಾಗಿಲಲ್ಲಿ ನಿಂತಿದ್ದ ನಾನು ಅವಳಿಗೆ ಕಾಣಿಸಲಿಲ್ಲ. ನನ್ನ ಬಲಗಣ್ಣು ತಾನಾಗಿ ಮುಚ್ಚಿಕೊಂಡಿತ್ತು.